ದೋಣಿಯ ಬಾವುಟದ ಕೋಲು ಲೊಡಲೊಡ ಅಂತಿದೆಯಾ? ಯಾವ ರಿಪೇರಿ ಯಾರಿಗೆ ಸರಿ

ನಮ್ಮ ತೋಟದ ಕೆರೆಯಲ್ಲಿ ಒಂದು ಫೈಬರ್ ದೋಣಿ ಇದೆ. ಹನ್ನೆರಡು ಅಡಿ ಉದ್ದದ್ದು. ಹೋಂಸ್ಟೇಗೆ ಬಂದವರು ಸಂಜೆ ಒಂದು ಸುತ್ತು ಹೋಗಿಬರಲಿ ಅಂತ ತಂದದ್ದು. ಅದರ ಹಿಂಭಾಗದಲ್ಲಿ ಒಂದು ಸ್ಟೀಲ್ ಸಾಕೆಟ್, ಅದರೊಳಗೆ ಬಾವುಟದ ಕೋಲು. ನವೆಂಬರ್ 1ಕ್ಕೆ ಹಳದಿ-ಕೆಂಪು ಬಾವುಟ. ಮಿಕ್ಕ ದಿನ ಕಿತ್ತಳೆ ಬಣ್ಣದ ಒಂದು ತುಂಡು ಬಟ್ಟೆ. ಅದು ಚೆಂದಕ್ಕಲ್ಲ. ಮಂಜು ಮುಸುಕಿದ ಬೆಳಿಗ್ಗೆ ಕೊಡಗಿನ ಕೆರೆಯಲ್ಲಿ ನಾಲ್ಕು ಮಾರು ಆಚೆ ಇರುವುದೂ ಕಾಣುವುದಿಲ್ಲ, ದೋಣಿ ಎಲ್ಲಿದೆ ಅಂತ ದಡದಲ್ಲಿದ್ದವರಿಗೆ ಗೊತ್ತಾಗಬೇಕಲ್ಲ.

ಒಂದು ರಾಜ್ಯೋತ್ಸವದ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು ಹೊರಟೆ. ಕೆರೆ ಮಧ್ಯೆ ದೋಣಿ ತಿರುಗಿಸಿದ್ದೇ ತಡ, ಗಾಳಿ ಬಾವುಟಕ್ಕೆ ಅಡ್ಡ ಹೊಡೆಯಿತು. ಕೋಲು ಒಮ್ಮೆ ಕಟ್ ಅಂದು ಓರೆಯಾಯಿತು, ಇನ್ನೊಮ್ಮೆ ಕಟ್ ಅಂದು ಮೇಲೆದ್ದಿತು, ಮೂರನೇ ಸಲಕ್ಕೆ ನೀರಿಗೆ. ಟೊಳ್ಳು ಅಲ್ಯೂಮಿನಿಯಂ ಕೋಲು ತೇಲುತ್ತದೆ ಅಂತ ನಾನು ಅಂದುಕೊಂಡಿದ್ದೆ. ತುದಿಗೆ ಮುಚ್ಚಳ ಇಲ್ಲದಿದ್ದರೆ ನೀರು ತುಂಬಿಕೊಂಡು ಸೀದಾ ತಳಕ್ಕೆ ಹೋಗುತ್ತದೆ. ಹಣ್ಣು ಕೀಳುವ ದೋಟಿ ತಂದು ಅರ್ಧ ಗಂಟೆ ಕೆದಕಿದ ಮೇಲೆ ಬಾವುಟ ಸಿಕ್ಕಿತು, ಅರ್ಧ ಕೆಸರು, ಅರ್ಧ ಪಾಚಿ.

ಅಲ್ಲಿಂದ ಶುರುವಾಯಿತು ನನ್ನ ರಿಪೇರಿ ಹುಚ್ಚು. ಟೇಪಿನಿಂದ ಹಿಡಿದು ಲೇತ್ ಯಂತ್ರದಲ್ಲಿ ಕಡೆಸಿದ ಬುಷ್‌ವರೆಗೆ (ಕೋಲಿಗೂ ಸಾಕೆಟ್ಟಿಗೂ ನಡುವೆ ಕೂರುವ ಕೊಳವೆ) ಎಲ್ಲ ಮಾಡಿ ನೋಡಿದ್ದೇನೆ. ಕೆಲವು ಒಂದು ವಾರ ಬಾಳಿದವು. ಒಂದು ಎಷ್ಟು ಚೆನ್ನಾಗಿ ಹಿಡಿಯಿತು ಅಂದರೆ ಕೋಲು ಈಚೆಗೆ ಬರಲೇ ಇಲ್ಲ. ಆ ಅನುಭವ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಓದಲು ಪುರುಸೊತ್ತಿಲ್ಲದವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೋಹದ ಕೋಲಾದರೆ ಹಳೆ ಸೈಕಲ್ ಟ್ಯೂಬಿನ ಎರಡು ಪಟ್ಟಿ. ಮರದ ಕೋಲಾದರೆ ಮೇಣ ಹಚ್ಚಿದ ನೂಲು. ವರ್ಷಗಟ್ಟಲೆ ಮತ್ತೆ ಕೈ ಹಾಕಬಾರದು ಅನ್ನುವವರು ಲೇತ್‌ನಲ್ಲಿ ಬುಷ್ ಮಾಡಿಸಿ, ಆದರೆ ನೈಲಾನ್‌ನಲ್ಲಿ ಬೇಡ. ಏನೇ ಮಾಡಿದರೂ ಕೋಲಿಗೊಂದು ದಾರ ಕಟ್ಟಿ.

ಮೊದಲು ಯಾವುದು ಲೂಸು ಅಂತ ನೋಡಿ

ಇದನ್ನು ಹೇಳುವ ಅಗತ್ಯ ಇಲ್ಲ ಅನ್ನಿಸಬಹುದು. ಆದರೆ ನಾನೇ ಮೊದಲ ಸಲ ಎಡವಿದ್ದು ಇಲ್ಲಿ. ಕೋಲಿಗೆ ಟೇಪ್ ಸುತ್ತಿ ಬಿಗಿ ಮಾಡಿದೆ. ಆಮೇಲೂ ಅಲ್ಲಾಟ ನಿಲ್ಲಲಿಲ್ಲ. ನೋಡಿದರೆ ಸಾಕೆಟ್ಟೇ ದೋಣಿಯ ಮೇಲೆ ಕುಣಿಯುತ್ತಿತ್ತು.

ಪರೀಕ್ಷೆ ಸುಲಭ. ಒಂದು ಕೈಯಲ್ಲಿ ಕೋಲಿನ ಮಧ್ಯ ಹಿಡಿದು ಅಲ್ಲಾಡಿಸಿ. ಇನ್ನೊಂದು ಕೈಯ ಹೆಬ್ಬೆರಳನ್ನು ಸಾಕೆಟ್ಟಿನ ಬುಡ ಮತ್ತು ದೋಣಿ ಸೇರುವ ಜಾಗದ ಮೇಲೆ ಇಡಿ. ಬೆರಳಿನ ಕೆಳಗೆ ಏನಾದರೂ ಸರಿದ ಹಾಗಾದರೆ ತೊಂದರೆ ಸ್ಕ್ರೂಗಳದ್ದು. ಬೆರಳಿಗೆ ಏನೂ ಗೊತ್ತಾಗದೆ ಬಾಯಿಯ ಅಂಚಿನಲ್ಲಿ ಮಾತ್ರ ಕಟಕಟ ಅಂದರೆ ಸಂದು ಕೋಲಿನದ್ದು.

ಸ್ಕ್ರೂ ಲೂಸಾಗಿದ್ದರೆ ಸುಮ್ನೆ ತಿರುಗಿಸಿ ಬಿಗಿ ಮಾಡಿದರೆ ಸಾಲದು. ಫೈಬರ್ ದೋಣಿಯ ಮೇಲ್ಪದರದ ಕೆಳಗೆ ಎಷ್ಟೋ ಸಲ ಪ್ಲೈವುಡ್ ಅಥವಾ ಫೋಮ್ ಇರುತ್ತದೆ. ಸ್ಕ್ರೂ ತೂತಿನಿಂದ ಮಳೆ ನೀರು ಒಳಗೆ ಹೋದರೆ ಪ್ಲೈವುಡ್ ಕೊಳೆಯುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಕಾಲಿಟ್ಟಾಗ ಮೆತ್ತಗೆ ಅನ್ನಿಸಿದಾಗಲೇ ಗೊತ್ತಾಗುವುದು. ಸ್ಕ್ರೂ ಬಿಚ್ಚಿ, ತೂತು ಪೂರ್ತಿ ಒಣಗಲು ಬಿಟ್ಟು, ಸಾಧ್ಯವಿದ್ದರೆ ಕೆಳಗಿನಿಂದ ದೊಡ್ಡ ವಾಷರ್ ಅಥವಾ ಲೋಹದ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಿ. ಬುಡಕ್ಕೆ ನೀರು ಇಳಿಯದ ಹಾಗೆ ತಡೆಯುವ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬೇಡ. ಅದು ಒಮ್ಮೆ ತಾಗಿದ ಜಾಗದಲ್ಲಿ ಮುಂದೆ ಪೇಂಟೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ.

ಅಳತೆ: ಮೂರು ಮಿಲಿಮೀಟರ್ ಅಂದರೆ ಎಷ್ಟು?

ನಾವು ಕೊಡಗಿನವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವ ಜನ. ಇಂಚಿಗೆ ನೂರು ಸೆಂಟ್. ರಾತ್ರಿ ನಲವತ್ತು ಸೆಂಟ್ ಬಿದ್ದರೆ ಬೆಳಿಗ್ಗೆ ಫೋನ್ ಮಾಡಿ ನಿಮ್ಮಲ್ಲೆಷ್ಟು ಅಂತ ಕೇಳುತ್ತೇವೆ. ಅಷ್ಟು ಸೂಕ್ಷ್ಮದವರು ಕೋಲಿನ ವಿಷಯಕ್ಕೆ ಬಂದಾಗ ಮಾತ್ರ ‘ಸ್ವಲ್ಪ ಲೂಸು’ ಅಂತ ಮುಗಿಸಿಬಿಡುತ್ತೇವೆ. ಮಿಲಿಮೀಟರಿನ ಭಾಗವನ್ನೂ ಅಳೆಯುವ ಒಂದು ವರ್ನಿಯರ್ ಸಾಲ ತನ್ನಿ. ಬೈಕ್ ಗ್ಯಾರೇಜಿನಲ್ಲೋ ಲೇತ್ ಅಂಗಡಿಯಲ್ಲೋ ಇದ್ದೇ ಇರುತ್ತದೆ.

ಮೂರು ಅಳತೆ ಬೇಕು: ಸಾಕೆಟ್ಟಿನ ಒಳಗಿನ ಅಗಲ, ಕೋಲಿನ ಹೊರಗಿನ ಅಗಲ, ಸಾಕೆಟ್ಟಿನ ಆಳ. ಕೋಲನ್ನು ಮೇಲೊಮ್ಮೆ ಕೆಳಗೊಮ್ಮೆ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಅಳೆಯಿರಿ. ಹಳೆ ಕೋಲು ಅಂಚು ತಾಗುವ ಜಾಗದಲ್ಲಿ ಸವೆದು ಮೊಟ್ಟೆಯಾಕಾರ ಆಗಿರುತ್ತದೆ.

ನನ್ನದು ಹೀಗಿತ್ತು. ಸಾಕೆಟ್ ಒಳಗೆ 25 ಮಿ.ಮೀ., ಕೋಲು 22 ಮಿ.ಮೀ., ಆಳ 80 ಮಿ.ಮೀ., ಕೋಲಿನ ಉದ್ದ 1.2 ಮೀಟರ್. ಸಂದು ಬರೀ 3 ಮಿ.ಮೀ. ಆದರೆ ಆ ಮೂರು ಮಿಲಿಮೀಟರ್ 80ರ ಆಳದಲ್ಲಿ ಓರೆಯಾದರೆ ತುದಿಯಲ್ಲಿ ಒಂದು ಕಡೆಗೆ 4 ಸೆಂ.ಮೀ. ವಾಲುತ್ತದೆ. ಎರಡೂ ಕಡೆ ಸೇರಿ ಎಂಟು. ತೂಗುಮಣಿಯ ಹಾಗೆ ಆಡುತ್ತಾ ಪ್ರತಿ ಸಲ ಅಂಚಿಗೆ ಬಡಿಯುತ್ತದೆ.

ಬಡಿತದ ಜೋರೂ ಕಡಿಮೆಯೇನಲ್ಲ. ಬಾವುಟ ಸಾಕೆಟ್ಟಿನಿಂದ ಒಂದು ಮೀಟರ್ ಮೇಲಿದೆ ಅಂತಿಟ್ಟುಕೊಳ್ಳಿ. ಗಾಳಿ ಅಲ್ಲಿ ಒಂದು ಕಿಲೋದಷ್ಟು ತಳ್ಳಿದರೆ, 8 ಸೆಂ.ಮೀ. ಆಳದ ಸಾಕೆಟ್ಟಿನಲ್ಲಿ ಹನ್ನೆರಡು ಕಿಲೋದಷ್ಟು ಒತ್ತಡ. ಹಾರೆಯಿಂದ ಕಲ್ಲು ಎಬ್ಬಿಸುವ ಲೆಕ್ಕವೇ ಇದು. ಆ ಒತ್ತಡ ಬೀಳುವುದು ಎರಡೇ ಕಡೆ: ಸಾಕೆಟ್ಟಿನ ಬಾಯಿ ಮತ್ತು ಕೋಲಿನ ಬುಡ. ನಡುವಿನ ಭಾಗಕ್ಕೆ ಕೆಲಸವೇ ಇಲ್ಲ.

ಇದು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು. ಕೋಲಿನ ಉದ್ದಕ್ಕೂ ತುಂಬುವುದು ಬೇಕಿಲ್ಲ. ಬಾಯಿಯಲ್ಲಿ ಒಂದು ಬಿಗಿ, ಬುಡದಲ್ಲಿ ಒಂದು ಬಿಗಿ, ಅಷ್ಟು ಸಾಕು. ಪೂರ್ತಿ ತುಂಬಿದರೆ ಹಾಕುವಾಗ ಪಿಸ್ಟನ್ ಹಾಗೆ ಗಾಳಿ ಕಟ್ಟುತ್ತದೆ, ತೆಗೆಯುವಾಗ ಪ್ರಾಣ ಹೋಗುತ್ತದೆ.

ಟೇಪ್

ಎಲ್ಲರೂ ಮೊದಲು ಕೈ ಹಾಕುವುದು ಕರೆಂಟ್ ಟೇಪಿಗೇ. ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ, ಐದು ನಿಮಿಷದ ಕೆಲಸ. ಅರ್ಧ ಮಿಲಿಮೀಟರ್, ಹೆಚ್ಚೆಂದರೆ ಒಂದು ಮಿಲಿಮೀಟರ್ ಸಂದಿಗೆ ಪರವಾಗಿಲ್ಲ.

ಟೇಪಿನ ದಪ್ಪ ಸುಮಾರು 0.13 ಮಿ.ಮೀ. ಒಂದು ಸುತ್ತಿಗೆ ಕೋಲಿನ ಅಗಲ ಕಾಲು ಮಿಲಿಮೀಟರ್ ಹೆಚ್ಚುತ್ತದೆ. ನನ್ನ ಮೂರು ಮಿಲಿಮೀಟರಿಗೆ ಹನ್ನೆರಡು ಸುತ್ತು ಬೇಕಾಯಿತು. ಹನ್ನೆರಡು ಸುತ್ತಿನ ಟೇಪ್ ಬಿಸಿಲಿಗೆ ಹದವಾಗಿ ಕಾದರೆ ಏನಾಗುತ್ತದೆ ಗೊತ್ತಲ್ಲ? ಅಂಟು ಕರಗಿ ಪದರ ಪದರ ಜಾರುತ್ತದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕೋಲು ಎಳೆದೆ. ಕೋಲು ಬಂತು, ಟೇಪು ಸಾಕೆಟ್ಟಿನೊಳಗೇ ಕೂತುಬಿಟ್ಟಿತು. ಆ ಗೋಂದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿ ತೆಗೆಯುವಷ್ಟರಲ್ಲಿ ಸಾಕಾಯಿತು.

ಅಂಟಿಲ್ಲದ ಸಿಲಿಕೋನ್ ಟೇಪ್ ಒಂದಿದೆ, ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವಂಥದ್ದು. ಅದು ವಾಸಿ. ದಪ್ಪ ಅರ್ಧ ಮಿಲಿಮೀಟರ್, ಬಿಸಿಲಿಗೆ ಕರಗುವುದಿಲ್ಲ, ಗೋಂದು ಬಿಡುವುದಿಲ್ಲ. ಬೆಲೆ ಮಾತ್ರ ಜಾಸ್ತಿ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಇದಕ್ಕೆ ಬಳಸುವವರನ್ನೂ ನೋಡಿದ್ದೇನೆ. ಅದು ಜಾರುವುದಕ್ಕೆಂದೇ ಮಾಡಿದ ಟೇಪ್, ಮಾರಾಯ್ರೆ.

ಸೈಕಲ್ ಟ್ಯೂಬ್

ಪಂಕ್ಚರ್ ಅಂಗಡಿಯಲ್ಲಿ ಹಳೆ ಟ್ಯೂಬ್ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ರಬ್ಬರಿನ ದಪ್ಪ ಒಂದು ಮಿಲಿಮೀಟರ್ ಹತ್ತಿರ. ಅಂದರೆ ಒಂದು ಪದರಕ್ಕೆ ಕೋಲಿನ ಅಗಲ ಎರಡು ಮಿಲಿಮೀಟರ್ ಹೆಚ್ಚುತ್ತದೆ. ಎಳೆದು ಸುತ್ತಿದರೆ ತೆಳುವಾಗುತ್ತದೆ, ಹಾಗಾಗಿ ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳಬಹುದು.

ನಾನು ಮಾಡಿದ್ದು ಹೀಗೆ. ಟ್ಯೂಬನ್ನು ಕತ್ತರಿಯಲ್ಲಿ ಉದ್ದಕ್ಕೆ ಸೀಳಿದೆ. ಒಳಗಿನ ಬಿಳಿ ಪುಡಿ ತೊಳೆದು ಒಣಗಿಸಿದೆ. ಎರಡು ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿದೆ. ಕೋಲಿನ ಬುಡದಿಂದ ಒಂದು ಸೆಂಟಿಮೀಟರ್ ಬಿಟ್ಟು ಒಂದು ಪಟ್ಟಿ. ಸಾಕೆಟ್ಟಿನ ಬಾಯಿ ಬರುವ ಕಡೆ ಅದಕ್ಕಿಂತ ಸ್ವಲ್ಪ ಕೆಳಗೆ ಇನ್ನೊಂದು. ಒಂದೂವರೆ ಸುತ್ತು, ಎಳೆದು. ಒಳತುದಿಗೆ ಪಂಕ್ಚರ್ ಸಲ್ಯೂಷನ್ ಒಂದು ಹನಿ, ಹೊರತುದಿಗೆ ಒಂದು ಹನಿ. ಅಂಟು ಹಚ್ಚಿ ತಕ್ಷಣ ಒತ್ತಬೇಡಿ. ಐದು ನಿಮಿಷ ಒಣಗಿ ಬೆರಳಿಗೆ ಅಂಟದ ಹಾಗಾದ ಮೇಲೆ ಒತ್ತಿ. ಪಂಕ್ಚರ್ ಹಾಕುವವರು ಪ್ಯಾಚ್ ಹಿಡಿದು ಕಾಯುತ್ತಾ ನಿಲ್ಲುವುದು ಅದಕ್ಕೇ.

ಸುತ್ತು ಯಾವ ದಿಕ್ಕಿಗೆ ಅನ್ನುವುದೂ ಮುಖ್ಯ. ಕೋಲನ್ನು ಸಾಕೆಟ್ಟಿಗೆ ಇಳಿಸುವಾಗ ನಾವು ಸಾಮಾನ್ಯವಾಗಿ ಬಲಕ್ಕೆ ತಿರುಚುತ್ತಾ ಒತ್ತುತ್ತೇವೆ. ಹಾಗೆ ತಿರುಚಿದಾಗ ಪಟ್ಟಿಯ ಹೊರತುದಿ ಮಡಚಿಕೊಂಡು ಹೋಗಬೇಕು, ಬಿಚ್ಚಿಕೊಳ್ಳಬಾರದು. ಪಂಚೆ ಉಟ್ಟ ಹಾಗೆ. ತಪ್ಪು ದಿಕ್ಕಿಗೆ ಸುತ್ತಿದರೆ ಎರಡನೇ ದಿನಕ್ಕೆ ಪಟ್ಟಿ ಸುರುಳಿಯಾಗಿ ಮೇಲೆ ಬಂದಿರುತ್ತದೆ. ಹಾಕುವಾಗ ಪಟ್ಟಿಗೆ ಸೋಪಿನ ನೀರು ಸವರಿ. ಎಣ್ಣೆ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ರಬ್ಬರಿನ ಒಳ್ಳೆಯ ಗುಣ ಅಂದರೆ ಅದು ಬಡಿತವನ್ನು ನುಂಗುತ್ತದೆ. ಮೋಟಾರ್ ಇರುವ ದೋಣಿಗೆ ಇದು ತುಂಬಾ ಮುಖ್ಯ. ದುಬಾರೆಯಲ್ಲಿ ಆನೆ ಶಿಬಿರಕ್ಕೆ ಹೊಳೆ ದಾಟಿಸುವ ಮೋಟಾರ್ ದೋಣಿಯಲ್ಲಿ ಕೂತಿದ್ದರೆ ಗೊತ್ತಿರುತ್ತದೆ, ಕೂತ ಹಲಗೆಯೇ ನಡುಗುತ್ತದೆ. ಅಂಥ ನಡುಕಕ್ಕೆ ಸಡಿಲವಾದ ಕೋಲು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೇರುತ್ತಾ ಬರುತ್ತದೆ. ಗಟ್ಟಿ ತುಂಬಿಕೆಗಳು ಅದನ್ನು ತಡೆಯುವುದಿಲ್ಲ, ರಬ್ಬರ್ ತಡೆಯುತ್ತದೆ.

ಕೊರತೆ ಏನು? ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ಪಟ್ಟಿ ಸಾಕೆಟ್ಟಿನ ಒಳಗೇ ಇರುವಂತೆ ನೋಡಿಕೊಂಡರೆ ನಿಧಾನ. ನಾನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ. ಹತ್ತು ನಿಮಿಷದ ಕೆಲಸ, ಖರ್ಚು ಇಲ್ಲ.

ಪಂಪ್ ರಿಪೇರಿ ಅಂಗಡಿಯಲ್ಲಿ ಸಿಗುವ ಓ-ರಿಂಗ್ (ರಬ್ಬರ್ ಬಳೆ) ಹಾಕಿದರೆ ಇನ್ನೂ ಅಚ್ಚುಕಟ್ಟಲ್ವಾ ಅಂತ ಕೇಳಬಹುದು. ಕೂರಲು ತೋಡು ಇಲ್ಲದಿದ್ದರೆ ಓ-ರಿಂಗ್ ಕೋಲಿನ ಮೇಲೆ ಉರುಳಿಕೊಂಡು ಬಾಯಿಗೆ ಬಂದು ನಿಲ್ಲುತ್ತದೆ. ಮರದ ಕೋಲಿಗೆ ಗರಗಸದ ಅಂಚಿನಲ್ಲಿ ಸಣ್ಣ ತೋಡು ಹೊಡೆಯಬಹುದು. ತೆಳು ಅಲ್ಯೂಮಿನಿಯಂ ಪೈಪಿಗೆ ಹೊಡೆದರೆ ಕೋಲು ಅಲ್ಲೇ ಮುರಿಯುತ್ತದೆ.

ಮೇಣದ ನೂಲು: ಮರದ ಕೋಲಿಗೆ ಇದೇ

ಮರದ ಕೋಲಿನ ಲೆಕ್ಕ ಬೇರೆ. ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲೇ ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚುವುದಿಲ್ಲ. ಕೋಲು ಉಬ್ಬದೇ ಇರುತ್ತದೆಯೇ? ಆಗಸ್ಟ್‌ನಲ್ಲಿ ಸುತ್ತಿಗೆಯಲ್ಲಿ ಹೊಡೆದು ಇಳಿಸಿದ ಕೋಲು ಕಾಫಿ ಹೂ ಬಿಡುವ ಮಾರ್ಚ್‌ಗೆ ಲೊಡಲೊಡ. ಮಾರ್ಚ್‌ನಲ್ಲಿ ಸರಿಯಾಗಿ ಬಿಗಿ ಮಾಡಿದ್ದು ಜುಲೈಯಲ್ಲಿ ಸಾಕೆಟ್ಟಿನಿಂದ ಬರುವುದೇ ಇಲ್ಲ.

ಹಾಗಾಗಿ ಮರಕ್ಕೆ ಗಟ್ಟಿ ತುಂಬಿಕೆ ಯಾವುದೂ ಆಗುವುದಿಲ್ಲ. ಒತ್ತಿದರೆ ಕುಗ್ಗುವ, ಬೇಕೆಂದಾಗ ಎರಡು ಸುತ್ತು ಬಿಚ್ಚಿ ತೆಗೆಯಬಹುದಾದ ವಸ್ತು ಬೇಕು. ಹತ್ತಿ ನೂಲಿಗೆ ಜೇನುಮೇಣ ಎಳೆದು ಸುತ್ತುವುದು ಹಳೆಯ ದಾರಿ. ಜೇನುಮೇಣಕ್ಕೆ ಕೊಡಗಿನಲ್ಲಿ ಬರವಿಲ್ಲ, ಜೇನುಪೆಟ್ಟಿಗೆ ಇಟ್ಟವರು ಯಾರಾದರೂ ಪಕ್ಕದಲ್ಲೇ ಇರುತ್ತಾರೆ. ಮೇಣದ ಉಂಡೆಯ ಮೇಲೆ ನೂಲನ್ನು ಎರಡು ಮೂರು ಸಲ ಎಳೆಯಿರಿ. ಕೋಲಿನ ಮೇಲೆ ನೂಲಿನ ಒಂದು ತುದಿಯನ್ನು ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಒತ್ತೊತ್ತಾಗಿ ಸುತ್ತುತ್ತಾ ಬನ್ನಿ. ಕೊನೆಯ ನಾಲ್ಕು ಸುತ್ತಿನ ಕೆಳಗೆ ತುದಿ ತೂರಿಸಿ ಎಳೆದುಬಿಡಿ. ಗಂಟು ಬೇಡ, ಗಂಟು ಇದ್ದ ಕಡೆ ಮಾತ್ರ ಒತ್ತುತ್ತದೆ. ಇದನ್ನೂ ಎರಡೇ ಕಡೆ ಮಾಡಿ, ಬಾಯಿ ಮತ್ತು ಬುಡ.

ಕಾಫಿ ಮೂಟೆ ಹೊಲಿಯುವ ಗೋಣಿ ದಾರದಲ್ಲೂ ಮಾಡಿ ನೋಡಿದೆ. ಬೇಗ ದಪ್ಪವಾಗುತ್ತದೆ, ಆದರೆ ನೀರು ಹೀರಿ ಒಂದೇ ಮಳೆಗಾಲಕ್ಕೆ ಕೊಳೆತು ನಾರುತ್ತದೆ. ಮೇಣ ಜಾಸ್ತಿ ಹಚ್ಚಿದರೆ ಎರಡು ಮಳೆಗಾಲ. ಹತ್ತಿ ನೂಲೇ ಸರಿ.

ಅಡಿಕೆ ದಬ್ಬೆ ಸೀಳಿ ಬೆಣೆ ಹೊಡೆಯುವುದು ಇನ್ನೊಂದು ನಾಟಿ ಉಪಾಯ. ಹಬ್ಬದ ಬೆಳಿಗ್ಗೆ ಏನೂ ಸಿಗದಿದ್ದಾಗ ಮಾಡಬಹುದು. ಬೆಣೆ ಒಂದು ಕಡೆಯಿಂದ ಮಾತ್ರ ಒತ್ತುವುದರಿಂದ ಕೋಲು ಓರೆಯಾಗಿ ನಿಲ್ಲುತ್ತದೆ. ಸಂಜೆಗೆ ತೆಗೆದುಬಿಡಿ.

ಬಿದಿರಿನ ಕೋಲು ಹಾಕಿಕೊಂಡವರಿಗೆ ಒಂದೇ ಮಾತು. ಬಿದಿರು ದುಂಡಗಿರುವುದಿಲ್ಲ, ಮೇಲಿನಿಂದ ಕೆಳಕ್ಕೆ ಒಂದೇ ಅಗಲವೂ ಇರುವುದಿಲ್ಲ. ಬುಡದಲ್ಲಿ ಗಿಣ್ಣು ಬರುವಂತೆ ಕತ್ತರಿಸಿ, ನೂಲು ಸುತ್ತಿ. ಗಿಣ್ಣಿಲ್ಲದ ಕಡೆ ಒತ್ತಿದರೆ ಸೀಳುತ್ತದೆ.

ಸೀಳಿದ ಪೈಪ್, ಶ್ರಿಂಕ್ ಟ್ಯೂಬ್

ತೋಟದಲ್ಲಿ ಡ್ರಿಪ್ ಪೈಪಿನ ತುಂಡುಗಳು ಬಿದ್ದೇ ಇರುತ್ತವೆ. 20 ಮಿ.ಮೀ. ಪೈಪಿನ ಒಂದು ತುಂಡನ್ನು ಉದ್ದಕ್ಕೆ ಸೀಳಿ, ಅಗಲಿಸಿ, 22ರ ಕೋಲಿಗೆ ತೊಡಿಸಿದರೆ ಗಪ್ಪನೆ ಹಿಡಿದುಕೊಳ್ಳುತ್ತದೆ. ಪೈಪಿನ ಗೋಡೆಯ ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ, ಅಳೆದು ಆರಿಸಿಕೊಳ್ಳಿ. ನನಗೆ ಸಿಕ್ಕ ಒಂದು ತುಂಡು ಸರಿಯಾಗಿಯೇ ಕೂತಿತ್ತು. ಸೀಳಿದ ಸಂದು ಹಿಂದಕ್ಕೆ ಬರುವಂತೆ ಇಡಿ, ಮಳೆ ನೀರು ಅಲ್ಲಿಂದ ಇಳಿದುಹೋಗಲಿ. ಇದು ರಬ್ಬರಿನಷ್ಟು ಮೆತ್ತಗಿಲ್ಲ, ಟೇಪಿನಷ್ಟು ಬೇಗ ಹಾಳಾಗುವುದೂ ಇಲ್ಲ. ಕೋಲನ್ನು ದಿನಾ ಹಾಕಿ ತೆಗೆಯುವವರಿಗೆ ಚೆನ್ನಾಗಿದೆ. ಪ್ಲಾಸ್ಟಿಕ್ ನುಣ್ಣಗೆ ಜಾರುತ್ತದೆ.

ಅಂಗಡಿಯಲ್ಲಿ ಸಿಗುವ ಗಟ್ಟಿ ಪೈಪುಗಳಲ್ಲಿ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಹೊರ ಅಗಲ 22.2 ಮಿ.ಮೀ., ಒಂದು ಇಂಚಿನದ್ದು 28.6. ವೈರಿಂಗ್ ಪೈಪುಗಳು ಹೆಸರಿಗೆ ತಕ್ಕ ಹಾಗೆ ಹೊರಗೆ 20, 25 ಮಿ.ಮೀ. ಈ ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ಸುಮ್ನೆ ಹತ್ತು ಪೈಪ್ ತೂರಿಸಿ ನೋಡುವುದು ತಪ್ಪುತ್ತದೆ.

ಶ್ರಿಂಕ್ ಟ್ಯೂಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿ ಮಾಡಿದರೆ ಕುಗ್ಗಿ ಕೋಲಿಗೆ ಅಂಟಿಕೊಳ್ಳುವ ಕೊಳವೆ, ನೋಡಲು ಅಂಗಡಿಯಿಂದ ಬಂದ ಹಾಗೇ ಕಾಣುತ್ತದೆ. ಒಂದೂವರೆ ಎರಡು ಮಿಲಿಮೀಟರ್ ಸಂದಿಗೆ ಸಾಕು. ಮರದ ಕೋಲಿಗೆ ಹಾಕಿದರೆ ಒಳಗೆ ನೀರು ಸಿಕ್ಕಿಕೊಂಡು ಮರ ಕಪ್ಪಾಗುತ್ತದೆ.

ಲೇತ್‌ನ ಬುಷ್

ಇದು ನಿಜವಾದ ರಿಪೇರಿ. ಒಳಗೆ 22, ಹೊರಗೆ 25, ಮೇಲೆ ಒಂದು ಕಾಲರ್ ಇರುವ ಬುಷ್. ಸಾಕೆಟ್ಟಿಗೆ ಒಮ್ಮೆ ಇಳಿಸಿದರೆ ಮುಗಿಯಿತು. ಕೋಲು ಕೈಯಲ್ಲಿ ಬೆಣ್ಣೆಯಂತೆ ಇಳಿಯುತ್ತದೆ, ಕಟಕಟ ಸದ್ದಿಲ್ಲ.

ನನ್ನ ಮೊದಲ ಬುಷ್ ನೈಲಾನ್‌ನದ್ದು. ಲೇತ್ ಅಂಗಡಿಯವರು ‘ಇದೇ ಗಟ್ಟಿ, ಇದನ್ನೇ ಎಲ್ಲರೂ ಮಾಡಿಸುವುದು’ ಅಂದರು, ಮಾಡಿಸಿದೆ. ಏಪ್ರಿಲ್‌ನಲ್ಲಿ ಹಾಕಿದಾಗ ಅಷ್ಟು ಚೆಂದ. ಜುಲೈ ಎರಡನೇ ವಾರ ಕೋಲು ತೆಗೆಯಲು ಹೋದರೆ ಬರಲಿಲ್ಲ. ಇಬ್ಬರು ಸೇರಿ ತಿರುಚಿದೆವು. ಪೈಪ್ ಪಾನಾ ಹಾಕಿದೆವು. ಕೋಲಿಗೆ ಪಾನಾದ ಹಲ್ಲಿನ ಗುರುತು ಬಿತ್ತೇ ಹೊರತು ಅದು ಅಲ್ಲಾಡಲಿಲ್ಲ. ಆಮೇಲೆ ತಿಳಿಯಿತು, ನೈಲಾನ್ ನೀರು ಹೀರಿ ಉಬ್ಬುತ್ತದೆ. ಹೊರಗೆ ಸ್ಟೀಲ್ ಸಾಕೆಟ್ ಇರುವುದರಿಂದ ಹೊರಕ್ಕೆ ಉಬ್ಬಲು ಜಾಗವಿಲ್ಲ, ಒಳಕ್ಕೆ ಉಬ್ಬಿ ಕೋಲಿನ ಕತ್ತು ಹಿಡಿಯುತ್ತದೆ. ಡಿಸೆಂಬರ್‌ನ ಒಣಹವೆ ಬಂದ ಮೇಲೆ ಅದಾಗಿಯೇ ಸಡಿಲವಾಗಿ ಬಂತು. ಅಲ್ಲಿಯವರೆಗೆ ಆ ದೋಣಿಗೆ ತಾಡಪಾಲು ಹೊದಿಸುವುದೇ ಒಂದು ಸಾಹಸವಾಗಿತ್ತು.

ಹಾಗಾಗಿ ಲೇತ್‌ನವರಿಗೆ ಡೆಲ್ರಿನ್ ಅಂತಲೇ ಹೇಳಿ, ಅಥವಾ ಅಸಿಟಾಲ್ ಅಂತ. ಅದೂ ಪ್ಲಾಸ್ಟಿಕ್ಕೇ, ಆದರೆ ನೀರು ಹೀರುವುದು ತೀರಾ ಕಡಿಮೆ. ನೋಡಲು ಎರಡೂ ಬಿಳಿ, ಒಂದೇ ತರಹ. ಅನುಮಾನ ಬಂದರೆ ಒಂದು ಚೂರನ್ನು ಎರಡು ವಾರ ನೀರಿನಲ್ಲಿ ಹಾಕಿಟ್ಟು ವರ್ನಿಯರ್‌ನಲ್ಲಿ ಅಳೆಯಿರಿ. ಒಳ ಅಗಲ ಕೋಲಿಗಿಂತ 0.2 ಮಿ.ಮೀ. ಜಾಸ್ತಿ ಇರಲಿ, ಕೋಲಿನಷ್ಟೇ ಇಟ್ಟು ಬಿಗಿ ಮಾಡಿಸಬೇಡಿ. ಬುಷ್‌ನ ಪಕ್ಕದಲ್ಲಿ ಉದ್ದಕ್ಕೆ ಒಂದು ಸಣ್ಣ ಗೀರು ಹಾಕಿಸಿ, ಗಾಳಿ ಮತ್ತು ನೀರು ಹೋಗಲಿಕ್ಕೆ.

ಎಪಾಕ್ಸಿ ಎರಕ: ಧೈರ್ಯವಿದ್ದರೆ ಮಾತ್ರ

ಸಾಕೆಟ್ಟಿನೊಳಗೆ ಮೇಣ ಸವರಿ, ಕೋಲಿನ ಬುಡಕ್ಕೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ, ಕಲ್ಲಿನಂತಾಗುವ ಅಂಟು) ಹಚ್ಚಿ ನಿಲ್ಲಿಸಿಬಿಡುವುದು. ಗಟ್ಟಿಯಾದ ಮೇಲೆ ಕೋಲಿಗೆ ಸಾಕೆಟ್ಟಿನದೇ ಆಕಾರದ ಕಾಲುಚೀಲ ಬಂದಿರುತ್ತದೆ. ಸಾಕೆಟ್ ಸೊಟ್ಟಗಿದ್ದರೆ, ಸವೆದು ಮೊಟ್ಟೆಯಾಕಾರ ಆಗಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ಮೇಣ ಒಂದು ಕಡೆ ತಪ್ಪಿದರೂ ಕೋಲು ಮತ್ತು ಸಾಕೆಟ್ ಒಂದೇ ಆಗುತ್ತವೆ. ಮೇಣ ಮೂರು ಪದರ ಹಚ್ಚಿ, ಪ್ರತಿ ಪದರ ಒಣಗಿದ ಮೇಲೆ ಬಟ್ಟೆಯಲ್ಲಿ ಉಜ್ಜಿ. ಪೂರ್ತಿ ಕಲ್ಲಾಗುವ ಮೊದಲೇ, ಉಗುರಿಗೆ ಗೀರು ಬೀಳದಷ್ಟು ಗಟ್ಟಿಯಾದಾಗ, ಒಮ್ಮೆ ತಿರುಚಿ ಬಿಡಿಸಿಕೊಳ್ಳಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಚಳಿಗೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ತೇವಕ್ಕೆ ಮೇಲ್ಮೈ ಜಿಡ್ಡುಜಿಡ್ಡಾಗುತ್ತದೆ. ಫೆಬ್ರವರಿ ಸರಿಯಾದ ತಿಂಗಳು, ಕಾಫಿಯ ಹೂಮಳೆ ಬೀಳುವುದಕ್ಕೆ ಮೊದಲು.

ಸ್ಕ್ರೂ, ಪಿನ್, ದಾರ

ಸಾಕೆಟ್ಟಿನ ಪಕ್ಕದಲ್ಲಿ ತೂತು ಹೊಡೆದು ಸ್ಕ್ರೂ ಬಿಗಿಯುವುದು ಹಲವರಿಗೆ ಇಷ್ಟ. ಪೈಪಿನ ಗೋಡೆ ಒಂದೂವರೆ ಮಿಲಿಮೀಟರ್ ಇದ್ದರೆ ಅದರಲ್ಲಿ ಸ್ಕ್ರೂವಿನ ಸುತ್ತುಗೆರೆ ನಿಲ್ಲುವುದಿಲ್ಲ, ಹೊರಗೊಂದು ನಟ್ ಬೆಸುಗೆ ಹಾಕಿಸಬೇಕು. ಆಮೇಲೂ ಸ್ಕ್ರೂ ಒಂದು ಬಿಂದುವಿನಲ್ಲಿ ಒತ್ತಿ ಅಲ್ಯೂಮಿನಿಯಂ ಕೋಲನ್ನು ತಗ್ಗು ಮಾಡುತ್ತದೆ. ಮೋಟಾರ್ ನಡುಕಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ನನಗೆ ಒಗ್ಗಲಿಲ್ಲ.

ಆರಪಾರ ಪಿನ್ ಬೇರೆ ವಿಷಯ. ಅದು ಅಲ್ಲಾಟ ನಿಲ್ಲಿಸುವುದಿಲ್ಲ, ಆದರೆ ಕೋಲು ಮೇಲೆದ್ದು ಹೋಗುವುದನ್ನು ತಡೆಯುತ್ತದೆ. ರಬ್ಬರ್ ಪಟ್ಟಿ ಅಲ್ಲಾಟಕ್ಕೆ, ಪಿನ್ ಹಾರಾಟಕ್ಕೆ. ಹಾರಂಗಿ ಹಿನ್ನೀರಿನಂಥ ಬಯಲು ನೀರಿನಲ್ಲಿ ಗಾಳಿ ಎಲ್ಲಿಂದ ಬೇಕಾದರೂ ಬೀಸುತ್ತದೆ, ಅಲ್ಲಿ ದೋಣಿ ಇಳಿಸುವವರಿಗೆ ಎರಡೂ ಇರಲಿ. ನಮ್ಮ ಹಾಗೆ ಸುತ್ತ ಸಿಲ್ವರ್ ಓಕ್ ನಿಂತಿರುವ ತೋಟದ ಕೆರೆಗೆ ಪಟ್ಟಿ ಮತ್ತು ದಾರ ಸಾಕು.

ಇದೆಲ್ಲ ರಗಳೆಯೇ ಬೇಡ, ಹೊಸ ಕೋಲೇ ತರುತ್ತೇನೆ ಅನ್ನುವವರು ಸಾಕೆಟ್ಟನ್ನು ಬಿಚ್ಚಿ ಅಂಗಡಿಗೇ ಒಯ್ಯಿರಿ. ಒಂದು ಇಂಚು ಅಂತ ಹೇಳಿ ತಂದರೆ ಅದು 25.4 ಮಿ.ಮೀ. ಇರುತ್ತದೆ, 25ರ ಸಾಕೆಟ್ಟಿಗೆ ಇಳಿಯುವುದಿಲ್ಲ. ಅಲ್ಯೂಮಿನಿಯಂ ಕೋಲು, ಸ್ಟೀಲ್ ಸಾಕೆಟ್ ಇಟ್ಟುಕೊಂಡು ಮಂಗಳೂರು ಕಡೆ ಉಪ್ಪುನೀರಿಗೆ ದೋಣಿ ಒಯ್ಯುವವರು ಇನ್ನೊಂದು ನೆನಪಿಡಿ. ಎರಡು ಲೋಹದ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿ ಕಟ್ಟಿಕೊಂಡು ಕಚ್ಚಿಕೊಳ್ಳುತ್ತದೆ. ಅಲ್ಲಿ ಪ್ಲಾಸ್ಟಿಕ್ಕೋ ರಬ್ಬರ್ರೋ ನಡುವೆ ಇರಲೇಬೇಕು, ಸಂದು ಇಲ್ಲದಿದ್ದರೂ.

ತಳದ ತೂತು ಮತ್ತು ತ್ರಿವರ್ಣ

ಯಾವ ದಾರಿ ಹಿಡಿದರೂ ಸಾಕೆಟ್ಟಿನ ತಳದಲ್ಲಿ ನೀರು ಹೋಗಲು ತೂತಿದೆಯೇ ನೋಡಿ. ನಮ್ಮ ಕಡೆಯ ಮಳೆಗೆ ಮುಚ್ಚಿದ ಸಾಕೆಟ್ ಅಂದರೆ ಸೊಳ್ಳೆ ಸಾಕುವ ಲೋಟ. ಸಾಕೆಟ್ ದೋಣಿಯ ಅಂಚಿನಿಂದ ಹೊರಗಿದ್ದರೆ ತಳಕ್ಕೆ 5 ಮಿ.ಮೀ. ತೂತು ಹೊಡೆಯಿರಿ. ದೋಣಿಯ ಮೇಲ್ಪದರದ ಮೇಲೆಯೇ ಕೂತಿದ್ದರೆ ಕೆಳಕ್ಕೆ ಹೊಡೆಯಬೇಡಿ, ನೀರು ಪ್ಲೈವುಡ್ಡಿಗೆ ಇಳಿಯುತ್ತದೆ. ಗೋಡೆಯ ಅತ್ಯಂತ ಕೆಳಭಾಗದಲ್ಲಿ ಪಕ್ಕಕ್ಕೆ ಹೊಡೆಯಿರಿ.

ಆಗಸ್ಟ್ 15ಕ್ಕೆ ದೋಣಿಗೂ ತ್ರಿವರ್ಣ ಹಾಕೋಣ ಅಂತ ಕೇಳುವ ಅತಿಥಿಗಳು ಪ್ರತಿ ವರ್ಷ ಇರುತ್ತಾರೆ. ನಾನು ಒಪ್ಪುವುದಿಲ್ಲ. 2002ರ ಧ್ವಜ ಸಂಹಿತೆ ಪ್ರಕಾರ ರಾಷ್ಟ್ರಧ್ವಜ ನೆಲಕ್ಕೆ ತಾಗಬಾರದು, ನೀರಿನಲ್ಲಿ ಎಳೆದಾಡಬಾರದು, ದೋಣಿಯ ಮೇಲೋ ಪಕ್ಕದಲ್ಲೋ ಹೊದಿಸಬಾರದು. 2021ರ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶವಿದೆ, ಖಾದಿಯಷ್ಟು ನೀರು ಹೀರಿ ಭಾರವಾಗುವುದಿಲ್ಲ ಅನ್ನುವುದು ನಿಜ. ಆದರೂ ಆಗಸ್ಟ್ ಮಳೆ, ಒದ್ದೆ ಬಟ್ಟೆ, ಒಮ್ಮೆ ನೀರಿಗೆ ಬಿದ್ದ ಇತಿಹಾಸವಿರುವ ಕೋಲು. ತ್ರಿವರ್ಣ ನಮ್ಮಲ್ಲಿ ಕಾಫಿ ಕಣದ ಕಂಬದಲ್ಲೇ ಏರುತ್ತದೆ.

ದಾರದ ಬಗ್ಗೆ ಹೇಳುವುದು ಉಳಿಯಿತು. ಕೋಲಿನ ಬುಡದಿಂದ ಒಂದು ಗೇಣು ಮೇಲೆ ಒಂದು ತೂತು, ಅದರಲ್ಲಿ ಮೂರು ಮಿಲಿಮೀಟರ್ ದಪ್ಪದ ನೈಲಾನ್ ದಾರ. ಇನ್ನೊಂದು ತುದಿ ದೋಣಿಯ ಕೊಕ್ಕೆಗೆ. ದಾರಕ್ಕೆ ನೈಲಾನ್ ಆಗುತ್ತದೆ, ಉಬ್ಬಿದರೂ ಯಾರ ಕತ್ತನ್ನೂ ಹಿಡಿಯುವುದಿಲ್ಲ. ಉದ್ದ ಎರಡು ಅಡಿ ದಾಟದಿರಲಿ. ಮೊದಲ ಸಲ ನಾನು ಐದು ಅಡಿ ಬಿಟ್ಟಿದ್ದೆ. ಕೋಲು ಬಿದ್ದಾಗ ದಾರ ಹೋಗಿ ಮೋಟಾರಿನ ರೆಕ್ಕೆಗೆ ಸುತ್ತಿಕೊಂಡಿತು, ದೋಟಿ ಮತ್ತೆ ಬೇಕಾಯಿತು.